ಶಾಲೆಗೆ ಎಷ್ಟು ಅಂಕ?

ಮೇ ತಿಂಗಳ ಸೆಕೆ ಏರಿತೆಂದರೆ ನಮ್ಮ ಉರ್ವ ಮಾರ್ಕೆಟ್ಟಿನಲ್ಲಿ ಮೀನಿನ ಕ್ರಯದ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತದೆ: “ಟೀಚರೇ, ಮಗುವನ್ನು ಯಾವ ಶಾಲೆಗೆ ಹಾಕುವುದು?” ಕೇಳುವವರು ಹೆಚ್ಚಾಗಿ ತಾಯಂದಿರು. ಉತ್ತರವನ್ನೂ ಅವರೇ ಇಟ್ಟುಕೊಂಡು ಬಂದಿರುತ್ತಾರೆ. ಈ ಶಾಲೆಗೆ ಬಸ್ಸಿದೆ, ಆ ಶಾಲೆಯಲ್ಲಿ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾತನಾಡಿಸುತ್ತಾರೆ, ಮತ್ತೊಂದರಲ್ಲಿ ಎಸ್ಸೆಸ್ಸೆಲ್ಸಿಗೆ ನೂರಕ್ಕೆ ನೂರು. ಒಂದು ಸೀರೆ ಆರಿಸುವಾಗ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು, ಬಣ್ಣ ಹೋಗುತ್ತದೆಯೇ ಎಂದು ನಾಲ್ಕು ಸಲ ಕೇಳುವ ನಾವು, ಮಗುವಿನ ಏಳು ವರ್ಷಗಳನ್ನು ಒಪ್ಪಿಸಿಕೊಡುವ ಜಾಗವನ್ನು ಮಾತ್ರ ಗೇಟಿನ ಹೊರಗಿನಿಂದಲೇ ನೋಡಿ ತೀರ್ಮಾನಿಸಿಬಿಡುತ್ತೇವೆ.

ದಕ್ಷಿಣ ಕನ್ನಡದವರಿಗೆ ಫಲಿತಾಂಶದ ಅಭಿಮಾನ ಒಂದು ತೂಕ ಹೆಚ್ಚು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. 2025ರಲ್ಲಿ ಶೇಕಡಾ 91.12 ಪಡೆದು ನಾವೇ ಮೊದಲಿಗರು. ಸಂತೋಷದ ವಿಷಯವೇ. ಆದರೆ ಹತ್ತನೆಯ ತರಗತಿಯ ಅಂಕದಿಂದ ಒಂದನೆಯ ತರಗತಿಯನ್ನು ಅಳೆಯಲು ಬರುತ್ತದೆಯೇ? ಆ ಅಂಕದೊಳಗೆ ಟ್ಯೂಷನ್ನಿನ ದುಡ್ಡಿದೆ, ತಾಯಿಯ ಓದಿದೆ, ರಾತ್ರಿ ಹತ್ತು ಗಂಟೆಗೆ ಮಾಡಿಕೊಟ್ಟ ಹಾರ್ಲಿಕ್ಸ್ ಇದೆ. ಅದರಲ್ಲಿ ಪ್ರಾಥಮಿಕ ಶಾಲೆಯ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಬೇರ್ಪಡಿಸುವುದು ಹಾಲಿನಿಂದ ನೀರು ತೆಗೆದ ಹಾಗೆ. ಮನೆಯಲ್ಲಿ ಓದಿಸುವವರೇ ಇಲ್ಲದ ಮಗು ಶಾಲೆಯಿಂದ ಏನು ಪಡೆಯಿತು ಎಂದು ನೋಡಿದರೆ ಮಾತ್ರ ಶಾಲೆಯ ನಿಜವಾದ ಪಾಲು ಕಾಣುತ್ತದೆ.

ಈ ಅಳತೆಯನ್ನು ನಮ್ಮ ಊರು ಯಾರಿಂದಲೂ ಕಡ ತರಬೇಕಾಗಿಲ್ಲ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆಂದು ಮೊದಲ ಶಾಲೆ ತೆರೆದದ್ದು 1892ರಲ್ಲಿ, ಇದೇ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ವಕೀಲರಾಗಿದ್ದ ಅವರನ್ನು ಅವರ ಸಮಾಜವೇ ದೂರ ಇಟ್ಟಿತು. ಶಾಲೆ ತೆರೆದ ಮೇಲೂ ಮಕ್ಕಳು ಬರಬೇಕಲ್ಲ? ಮಗು ದುಡಿದು ತರುವ ಕಾಸಿನಿಂದ ಮನೆಯ ಗಂಜಿ ಬೇಯುವಾಗ ಅಕ್ಷರ ಯಾರಿಗೆ ಬೇಕು? ರಂಗರಾಯರು ಮಕ್ಕಳನ್ನು ಕಳುಹಿಸಿದ ಹೆತ್ತವರಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಈ ಕೆಲಸಕ್ಕೆ ಒಂದು ನೆಲೆ ಮಾಡಿದರು. ಕರ್ನಾಟಕ ಸರಕಾರದ ಅಕ್ಷರ ದಾಸೋಹ ಆರಂಭವಾದದ್ದು 2002ರಲ್ಲಿ. ಮೊದಲು ಈಶಾನ್ಯದ ಏಳು ಜಿಲ್ಲೆಗಳಿಗೆ, ಆಮೇಲೆ ಇಡೀ ರಾಜ್ಯಕ್ಕೆ. ಚಿಲಿಂಬಿಯ ಬಾಡಿಗೆ ಮನೆಗೂ ಅದಕ್ಕೂ ನೂರಹತ್ತು ವರ್ಷಗಳ ಅಂತರ.

ರಂಗರಾಯರು ಯಾವ ನಮೂನೆಯನ್ನೂ ತುಂಬಿಸಿದವರಲ್ಲ. ಮಗು ಯಾಕೆ ಬರಲಿಲ್ಲ, ಬಂದ ಮಗು ಯಾಕೆ ಕಲಿಯಲಿಲ್ಲ ಎಂಬ ಎರಡು ಪ್ರಶ್ನೆ ಕೇಳಿಕೊಂಡರು, ಉತ್ತರ ಎಲ್ಲಿ ಸಿಕ್ಕಿತೋ ಅಲ್ಲಿಂದಲೇ ಕೆಲಸ ಶುರು ಮಾಡಿದರು. ಮಕ್ಕಳ ಕಲಿಕೆ ಬೇರೆ, ಕ್ಷೇಮ ಬೇರೆ ಎಂದು ಎರಡು ಖಾತೆ ಬರೆಯುವ ರೂಢಿ ಆಮೇಲಿನದು.

ಶಾಲೆಗಳ ತಪಾಸಣೆ ನಮಗೆ ಹೊಸತಲ್ಲ. “ಇನ್ಸ್‌ಪೆಕ್ಟರು ಬರುತ್ತಾರೆ” ಎಂದರೆ ಗೋಡೆಗೆ ಸುಣ್ಣ, ಪುಸ್ತಕಕ್ಕೆ ಬೈಂಡು, ಕಲಿಯದ ಮಕ್ಕಳಿಗೆ ಹಿಂದಿನ ಬೆಂಚು. ಇದು ಅಜ್ಜಿಯ ಕಾಲದಿಂದ ನಡೆದು ಬಂದ ಕ್ರಮ. ಆದರೆ ಅದೇ ಇಲಾಖೆಯಲ್ಲಿ, ಅದೇ ನಮ್ಮ ಜಿಲ್ಲೆಯಲ್ಲಿ ಪಂಜೆ ಮಂಗೇಶರಾಯರಂಥವರೂ ಶಾಲಾ ಇನ್ಸ್‌ಪೆಕ್ಟರಾಗಿ ತಿರುಗಿದ್ದರು. ಕನ್ನಡದ ಮಕ್ಕಳಿಗೆ ಹಾಡು, ಕತೆ ಎಂಬ ದೊಡ್ಡ ಆಸ್ತಿ ಬರೆದುಕೊಟ್ಟದ್ದು ಅವರು. ತಪಾಸಣೆಗೆ ಬಂದವರ ಕಣ್ಣು ಹಾಜರಿ ಪುಸ್ತಕದಿಂದ ಮೇಲೆದ್ದು ಮಗುವಿನ ಮುಖದ ಮೇಲೆ ನಿಂತರೆ ಏನೆಲ್ಲ ಸಾಧ್ಯ ಎನ್ನಲು ಅವರಿಗಿಂತ ಬೇರೆ ಸಾಕ್ಷಿ ಬೇಡ.

ಈಗಿನ ತಪಾಸಣೆಯ ಹೆಸರು ‘ಶಾಲಾ ಸಿದ್ಧಿ’. 2015ರಲ್ಲಿ ದೇಶದ ಎಲ್ಲ ಶಾಲೆಗಳಿಗಾಗಿ ಬಂದದ್ದು. ಏಳು ಕ್ಷೇತ್ರ, 46 ಮಾನದಂಡ, ಪ್ರತಿಯೊಂದಕ್ಕೂ ಮೂರು ಹಂತ. ಮೊದಲು ಶಾಲೆಯೇ ತನ್ನನ್ನು ನೋಡಿಕೊಳ್ಳಬೇಕು, ಆಮೇಲೆ ಹೊರಗಿನವರು ಬಂದು ನೋಡಬೇಕು. ಇದನ್ನು ನಾನು ಸುಮ್ಮನೆ ಹಳಿಯುವುದಿಲ್ಲ. ಹಿಂದಿನ ತಪಾಸಣೆಗಳಿಗಿಂತ ಇದು ಎಷ್ಟೋ ಮೇಲು. ಸೌಕರ್ಯ ಇದೆಯೇ ಎಂದು ಕೇಳಿ ನಿಲ್ಲಿಸದೆ, ಅದು ಬಳಸಲು ಯೋಗ್ಯವೇ ಎಂದೂ ಕೇಳುತ್ತದೆ. ವಿಶೇಷ ಅಗತ್ಯದ ಮಕ್ಕಳನ್ನು ಶಾಲೆ ಹೇಗೆ ಒಳಗೊಳ್ಳುತ್ತಿದೆ ಎಂದು ವಿಚಾರಿಸುತ್ತದೆ. ಆರೋಗ್ಯ, ಶುಚಿತ್ವದ ಜೊತೆಗೆ ಮಗುವಿನ ಮನಸ್ಸಿಗೆ ಭದ್ರತೆ ಇದೆಯೇ ಎಂಬುದಕ್ಕೂ ಅಲ್ಲಿ ಒಂದು ಸ್ಥಾನವಿದೆ. ಹೊಡೆತವೇ ವಿದ್ಯೆ ಎಂದು ನಂಬಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ನನ್ನ ತಕರಾರು ಪ್ರಶ್ನೆಗಳ ಮೇಲಲ್ಲ, ಉತ್ತರ ಹೇಳುವವರ ಮೇಲೆ. ಮೂವತ್ತು ವರ್ಷಗಳ ಕೆಲಸದಲ್ಲಿ ಎರಡು ಮೂರು ಶಾಲೆಗಳ ನೀರು ಕುಡಿದವಳು ನಾನು. ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಅಚ್ಚುಕಟ್ಟಾಗಿತ್ತು, ಬಿಳಿ ಟೈಲ್ಸು ಹಾಕಿಸಿದ್ದರು. ಕೊಳೆಯಾಗಬಾರದೆಂದು ಅದಕ್ಕೆ ಬೀಗ. ಬೀಗದ ಕೈ ಸ್ಟಾಫ್ ರೂಮಿನಲ್ಲಿ. ಮೂರನೆಯ ತರಗತಿಯ ಹುಡುಗಿ ಎಲ್ಲ ಶಿಕ್ಷಕರ ಎದುರು ಬಂದು ಕೈ ಒಡ್ಡಿ ಕೀಲಿ ಕೇಳಬೇಕು. ಆ ಮಕ್ಕಳು ಒಂದು ಉಪಾಯ ಕಂಡುಕೊಂಡಿದ್ದವು: ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದಿರುವುದು. ಮನೆಯಿಂದ ತುಂಬಿಸಿ ತಂದ ಬಾಟಲಿ ಹಾಗೆಯೇ ವಾಪಸು ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ತಲೆನೋವು, ಉರಿಮೂತ್ರ, ಪಾಠದಲ್ಲಿ ತೂಕಡಿಕೆ. ನಮೂನೆಯಲ್ಲಿ ಮಾತ್ರ ಶೌಚಾಲಯ ಇದೆ, ಸಾಕಷ್ಟಿದೆ, ಶುಚಿಯಾಗಿಯೂ ಇದೆ. ಒಂದಕ್ಷರ ಸುಳ್ಳಿಲ್ಲ! ಯಾರೂ ಬಳಸದ ಜಾಗದಷ್ಟು ಶುಚಿಯಾದದ್ದು ಇನ್ನಾವುದಿದೆ?

ಕೇರಳದ ಶಾಲೆಗಳಲ್ಲಿ 2019ರಲ್ಲಿ ‘ವಾಟರ್ ಬೆಲ್’ ಶುರುವಾಯಿತು. ಗಂಟೆ ಹೊಡೆದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ಒಳ್ಳೆಯ ಯೋಚನೆ. ಆದರೆ ಬೀಗ ಹಾಗೆಯೇ ಇದ್ದರೆ ಗಂಟೆಗೆ ಹೆದರುವ ಮಕ್ಕಳೂ ಇರುತ್ತಾರೆ. ಆ ಹುಡುಗಿಯರನ್ನು ಯಾರಾದರೂ ಕೂರಿಸಿ ಕೇಳಿದ್ದರೆ ಎರಡು ನಿಮಿಷದಲ್ಲಿ ಸಂಗತಿ ಹೊರಗೆ ಬರುತ್ತಿತ್ತು. ಅಂಕ ಕೊಡುವವರು ಮುಖ್ಯ ಶಿಕ್ಷಕರು, ನೋಡುವವರು ಅಧಿಕಾರಿಗಳು. ಶಾಲೆಯನ್ನು ದಿನಕ್ಕೆ ಆರು ಗಂಟೆ ಅನುಭವಿಸುವ ಮಗು ಮಾತ್ರ ಬೆಂಚಿನ ಮೇಲೆ ಕೈಕಟ್ಟಿ ಕೂತಿರುತ್ತದೆ.

ಭಾಷೆಯ ಸಂಗತಿ ಇದಕ್ಕಿಂತಲೂ ಸೂಕ್ಷ್ಮ. ನಮ್ಮ ಉರ್ವ, ಬೋಳೂರು, ಅಶೋಕನಗರದ ಕಡೆಯ ಒಂದು ಕನ್ನಡ ಶಾಲೆಯ ಒಂದನೆಯ ತರಗತಿಗೆ ಹೋಗಿ ನೋಡಿ. ಒಂದು ಮಗು “ಎಂಕ್ ನೀರ್ ಬೋಡು” ಎನ್ನುತ್ತದೆ, ಅದರ ಪಕ್ಕದ್ದು ಕೊಂಕಣಿಯಲ್ಲಿ ಅಳುತ್ತದೆ, ಮತ್ತೊಂದು ಬ್ಯಾರಿಯಲ್ಲಿ ನಗುತ್ತದೆ. ಇವರಿಗೆಲ್ಲ ಕನ್ನಡ ಎಂದರೆ ಶಾಲೆಯಲ್ಲಿ ಕಲಿಯುವ ಭಾಷೆ. ಇವರ ನಡುವೆ ಈಗ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಹೊಟ್ಟೆಯಿಂದಲೇ ಕನ್ನಡ ಕಲಿತು ಬಂದವರು ಇವರು ಮಾತ್ರ. ಆದರೆ ಮಗು “ನಂಗ ತಿಳೀವಲ್ದ್ರೀ ಟೀಚರ್” ಎಂದಿತೋ, ಇಡೀ ಕ್ಲಾಸು ನಗುತ್ತದೆ. ಪುಸ್ತಕದ ಕನ್ನಡ ಆಡುವ ಕರಾವಳಿಯ ಮಕ್ಕಳಿಗೆ ಮನೆಯ ಕನ್ನಡ ತಪ್ಪಾಗಿ ಕೇಳಿಸುತ್ತದೆ! ಎರಡು ಸಲ ನಗೆಗೀಡಾದ ಮಗು ಮೂರನೆಯ ಸಲ ಬಾಯಿ ಬಿಡುವುದಿಲ್ಲ. ವರ್ಷದ ಕೊನೆಗೆ ಅದರ ಹೆಸರಿನ ಮುಂದೆ ‘ಮೌಖಿಕ: ಸಾಧಾರಣ’ ಎಂದು ಬೀಳುತ್ತದೆ. ಸಾಧಾರಣ ಯಾರು, ಮಗುವೇ, ತರಗತಿಯೇ?

ಒಬ್ಬ ಸಹೋದ್ಯೋಗಿ ಇದಕ್ಕೊಂದು ದಾರಿ ಮಾಡಿದ್ದರು. ಕರಿಹಲಗೆಯ ಒಂದು ಮೂಲೆಯಲ್ಲಿ ದಿನಕ್ಕೊಂದು ಪದ: ‘ಅಡಿಗೆ’ ಎಂದು ಬರೆದು ಅದನ್ನು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಬಾಗಲಕೋಟೆಯಲ್ಲಿ ಏನನ್ನುತ್ತಾರೆ ಎಂದು ಮಕ್ಕಳಿಂದಲೇ ಹೇಳಿಸುವುದು. ಖರ್ಚು ಒಂದು ಸೀಮೆಸುಣ್ಣ. ತಿಂಗಳೊಳಗೆ ನಗು ನಿಂತಿತು, ಮುಚ್ಚಿದ ಬಾಯಿಗಳು ತೆರೆದುಕೊಂಡವು. ಮನಸ್ಸಿನ ಭದ್ರತೆ ಎಂದರೆ ನನ್ನ ಪ್ರಕಾರ ಇದು. ಇದಕ್ಕೆ ಒಂದು, ಎರಡು, ಮೂರು ಎಂದು ಹಂತ ಹಾಕುವುದು ಹೇಗೆ?

ಕೂಲಿಯವರ ಮಕ್ಕಳ ಇನ್ನೊಂದು ಕಷ್ಟ, ಊರ ಜಾತ್ರೆಗೆಂದು ಹೋದವರು ಹದಿನೈದು ದಿನ, ತಿಂಗಳು ಬಿಟ್ಟು ಬರುವುದು. ಇಲ್ಲಿ ನಲಿ-ಕಲಿಯನ್ನು ಮೆಚ್ಚಲೇಬೇಕು. ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ ಕ್ರಮ ಅದು. ಕಲಿಕೆಯ ಏಣಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮತ್ತೆ ಹತ್ತಬಹುದು. ‘ನೀನಿಲ್ಲದಾಗ ಪಾಠ ಮುಗಿಯಿತು’ ಎನ್ನುವ ಮಾತಿಲ್ಲ. ಆದರೆ ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡ ಶಿಕ್ಷಕಿಗೆ ಅದೇ ಹೊತ್ತಿಗೆ ಕಚೇರಿಯಿಂದ ಫೋನು, ಈ ಮಾಹಿತಿ ಹನ್ನೆರಡು ಗಂಟೆಯೊಳಗೆ ಅಪ್‌ಲೋಡ್ ಆಗಬೇಕು ಎಂದು. ಶಾಲೆ ಚೆನ್ನಾಗಿ ಕಲಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆಯುವ ಸಲುವಾಗಿ ಕಲಿಸುವುದನ್ನೇ ನಿಲ್ಲಿಸಬೇಕಾದರೆ ಏನೆನ್ನೋಣ?

ಇಷ್ಟು ಹೇಳಿ ಖಾಸಗಿ ಇಂಗ್ಲಿಷ್ ಶಾಲೆಗಳಿಗೆ ಪೂರ್ಣಾಂಕ ಕೊಟ್ಟೆನೆಂದು ತಿಳಿಯಬೇಡಿ. ಅಲ್ಲಿ ಶೌಚಾಲಯಕ್ಕೆ ಬೀಗವಿಲ್ಲ, ಮಗುವಿನ ಬಾಯಿಗೆ ಇದೆ. ತುಳು ಮಾತನಾಡಿದರೆ ದಂಡ ಹಾಕುವ ಕಡೆ ಇದೆ. ಒಂದು, ಎರಡನೆಯ ತರಗತಿಯ ಚೀಲ ಎರಡು ಕಿಲೋ ಮೀರಬಾರದೆಂದು ಸರಕಾರ 2019ರಲ್ಲೇ ಆದೇಶ ಮಾಡಿತು. ಮಳೆಗಾಲದಲ್ಲಿ ಲೇಡಿಹಿಲ್ಲಿನ ಬಸ್‌ಸ್ಟಾಪಿನಲ್ಲಿ ನಿಂತು ನೋಡಿ, ಕೊಡೆಯ ಕೆಳಗೆ ಚೀಲಗಳೇ ನಡೆದು ಹೋಗುತ್ತವೆ, ಅವುಗಳ ಅಡಿಯಲ್ಲಿ ಕಾಲು ಮಾತ್ರ ಕಾಣುತ್ತದೆ. ಸರಕಾರವಾದರೂ ಪರೀಕ್ಷೆಯ ಮೋಹ ಬಿಟ್ಟಿದೆಯೇ? 2024ರ ಮಾರ್ಚಿನಲ್ಲಿ ಹತ್ತು ವರ್ಷದ ಐದನೆಯ ತರಗತಿ ಮಕ್ಕಳನ್ನೂ ಬೋರ್ಡ್ ಪರೀಕ್ಷೆಗೆ ಕೂರಿಸಿತು. ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ದೊಡ್ಡವರ ವ್ಯಾಜ್ಯದ ನಡುವೆ ಬೇಸಿಗೆ ರಜೆಯಲ್ಲೂ ಮಕ್ಕಳು ‘ನಾನು ಪಾಸೋ, ಫೇಲೋ’ ಎಂದು ಕೇಳುತ್ತಿದ್ದವು.

ಜಪಾನಿನ ತೆತ್ಸುಕೊ ಕುರೊಯನಾಗಿ ಬರೆದ ‘ತೊತ್ತೊಚಾನ್’ ಕನ್ನಡದಲ್ಲೂ ಇದೆ, ಓದದ ತಾಯಂದಿರು ಓದಬೇಕು. ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳ ಬುತ್ತಿಯಲ್ಲಿ ಸಮುದ್ರದ್ದೊಂದಿಷ್ಟು, ಬೆಟ್ಟದ್ದೊಂದಿಷ್ಟು ಇರಲಿ ಎನ್ನುತ್ತಾರೆ, ಊಟದ ಹೊತ್ತಿಗೆ ಬಂದು ತಾವೇ ನೋಡುತ್ತಾರೆ. ಕಡಲೂ ಘಟ್ಟವೂ ಎರಡೂ ಇರುವ ನಮ್ಮ ಊರಿಗೆ ಹೇಳಿ ಬರೆದಂತಿದೆ. ಊಟದ ಹೊತ್ತು ಶಾಲೆಯ ಕನ್ನಡಿ. ಯಾವ ಮಗು ಎರಡನೆಯ ಸಲ ಅನ್ನ ಕೇಳಲು ನಾಚುತ್ತದೆ, ಯಾವುದು ಒಂಟಿಯಾಗಿ ಕೂತು ತಿನ್ನುತ್ತದೆ, ಯಾವುದರ ಪಕ್ಕ ಯಾರೂ ಕೂರುವುದಿಲ್ಲ ಎಂದು ಹತ್ತು ನಿಮಿಷ ನೋಡಿದರೆ ಹತ್ತು ಪುಟದ ವರದಿ ಬೇಡ.

ಹಾಗಾದರೆ ತಾಯಿಯಾದವಳು ಏನು ನೋಡಬೇಕು? ನನ್ನ ಲೆಕ್ಕ ಇಷ್ಟು. ಶೌಚಾಲಯವನ್ನು ಬೆಳಗ್ಗೆ ಹತ್ತಕ್ಕಲ್ಲ, ಮಧ್ಯಾಹ್ನ ಎರಡಕ್ಕೆ ನೋಡಿ. ಪುಸ್ತಕದ ಕಪಾಟಿನ ಬೀಗ ತುಕ್ಕು ಹಿಡಿದಿದೆಯೇ ನೋಡಿ. ನೋಟುಪುಸ್ತಕದಲ್ಲಿ ಕೆಂಪು ಗೀರು ಮಾತ್ರ ಇದೆಯೋ, ಹೀಗೆ ಬರೆ ಎಂದು ತಿದ್ದಿದ್ದೂ ಇದೆಯೋ ನೋಡಿ. ಜಾಣ ಮಗುವಿನ ವಿಷಯ ಎಲ್ಲ ಶಿಕ್ಷಕರೂ ಹೇಳುತ್ತಾರೆ; ತರಗತಿಯಲ್ಲಿ ಎಲ್ಲರಿಗಿಂತ ಹಿಂದಿರುವ ಮಗುವಿಗೆ ಏನು ಬರುತ್ತದೆ ಎಂದು ಕೇಳಿ. ‘ಅದಕ್ಕೆ ಏನೂ ಬರುವುದಿಲ್ಲ’ ಎಂದರೆ ಆ ಶಾಲೆ ಬೇಡ. ‘ಲೆಕ್ಕ ಕಷ್ಟ, ಆದರೆ ಕತೆ ಚೆನ್ನಾಗಿ ಹೇಳುತ್ತಾನೆ’ ಎಂದರೆ ಅಲ್ಲಿ ಟೈಲ್ಸ್ ಇಲ್ಲದಿದ್ದರೂ ಚಿಂತೆ ಮಾಡಬೇಡಿ.

ಈಗಾಗಲೇ ಮಕ್ಕಳನ್ನು ಸರಕಾರಿ ಶಾಲೆಗೆ ಕಳುಹಿಸುವವರಿಗೆ ಒಂದು ಮಾತು ಹೆಚ್ಚು. ಶಿಕ್ಷಣ ಹಕ್ಕು ಕಾಯಿದೆ ಜಾರಿಯಾದದ್ದು 2010ರಲ್ಲಿ. ಅದರ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಹೆಸರು ಇರುತ್ತದೆ. ಸಭೆಯ ದಿನ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು, ಚಾ ಕುಡಿದು, ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬರುತ್ತಾರೆ. ಬೀಗದ ಸಂಗತಿ ಗಂಡಸರ ಬಾಯಲ್ಲಿ ಬರುವುದಿಲ್ಲ, ಅದನ್ನು ನಾವೇ ಎತ್ತಬೇಕು. ಮುಂದಿನ ಸಭೆಯಲ್ಲಿ ಸಹಿ ಹಾಕುವ ಮೊದಲು ಎದ್ದು, “ಸರ್, ಕೀಲಿ ಎಲ್ಲಿದೆ?” ಎಂದು ಒಂದು ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ.