ಸಾಕ್ಷಿ ಹೇಳದ ಕಾಯಿಲೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಮಿಷನ್ ನಾಗಪುರದ ಸೀತಾಬರ್ಡಿಯಲ್ಲಿ ಮ್ಯೂರ್ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ದೇವರನ್ನು ನಂಬಿದವರು ಔಷಧಿಯನ್ನೂ ನಂಬಬಹುದೇ ಎಂಬ ಪ್ರಶ್ನೆಗೆ ಅಲ್ಲಿ ಕಲ್ಲು ಗಾರೆಯಲ್ಲೇ ಉತ್ತರ ಸಿಕ್ಕಿತ್ತು. ಆದರೂ ಬಿಪಿ ಮಾತ್ರೆ ಬಿಟ್ಟೆ, ಕರ್ತನೇ ಗುಣಪಡಿಸಿದ ಎಂಬ ಸಾಕ್ಷಿಗೆ ಪ್ರಾರ್ಥನಾ ಕೂಟಗಳಲ್ಲಿ ಇಂದಿಗೂ ಚಪ್ಪಾಳೆ ಬೀಳುತ್ತದೆ. ದೋಷ ನಂಬಿಕೆಯದಲ್ಲ, ಸಾಕ್ಷಿಯದು. ಜ್ವರ ಬಿಟ್ಟರೆ ರೋಗಿಗೇ ತಿಳಿಯುತ್ತದೆ. ಮೇಲಿನ ರಕ್ತದೊತ್ತಡ 170 ಇದ್ದರೂ ಬಹುಪಾಲು ಜನಕ್ಕೆ ತಲೆನೋವು ಕೂಡ ಇರುವುದಿಲ್ಲ. ಮಾತ್ರೆ ಬಿಟ್ಟ ಮರುವಾರವೂ ಹಾಯಾಗಿಯೇ ಇರುತ್ತಾರೆ. ಐದು ನಿಮಿಷ ಮಾತಾಡದೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಪಟ್ಟಿ ಕಟ್ಟಿ ಎರಡು ಸಲ ಅಳೆದ ಅಂಕಿಯನ್ನಷ್ಟೇ ಇಲ್ಲಿ ನಂಬಬಹುದು.

ಹಾಗಾದರೆ ಪ್ರಾರ್ಥನೆಗೆ ಬೆಲೆಯೇ ಇಲ್ಲವೇ? ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹೆರಾಲ್ಡ್ ಕೋನಿಗ್ ತಂಡ ನಾರ್ತ್ ಕೆರೊಲಿನಾದ ಸುಮಾರು 4,000 ಹಿರಿಯರನ್ನು ಕುರಿತ ಅಧ್ಯಯನವನ್ನು 1998ರಲ್ಲಿ ಪ್ರಕಟಿಸಿತು. ವಾರಕ್ಕೊಮ್ಮೆಯಾದರೂ ಆರಾಧನೆಗೆ ಹೋಗಿ, ದಿನವೂ ಪ್ರಾರ್ಥನೆಯನ್ನೋ ಬೈಬಲ್ ಓದನ್ನೋ ತಪ್ಪಿಸದವರಲ್ಲಿ ಕೆಳಗಿನ ಒತ್ತಡ 90 ಮುಟ್ಟುವ ಸಾಧ್ಯತೆ ಶೇ. 40ರಷ್ಟು ಕಡಿಮೆಯಿತ್ತು. ಟಿವಿ, ರೇಡಿಯೊ ಪ್ರವಚನ ನೆಚ್ಚಿದವರಿಗೆ ಆ ಲಾಭವಾಗಲಿಲ್ಲ. ಚರ್ಚಿಗೆ ಹೋಗಬಲ್ಲವರು ಮೊದಲೇ ಗಟ್ಟಿಮುಟ್ಟಾಗಿದ್ದವರು ಎಂಬ ತಕರಾರನ್ನು ತಳ್ಳಿಹಾಕುವಂತಿಲ್ಲ. ಸಂಶೋಧಕರು ಅದನ್ನು ಲೆಕ್ಕಕ್ಕೆ ಹಿಡಿದಿದ್ದರೂ ಇಂಥ ಸಮೀಕ್ಷೆಯಿಂದ ಕಾರಣ ರುಜುವಾತಾಗದು. ಕೂಟಗಳಲ್ಲಿ ಯಾರೂ ಎತ್ತದ ಸಂಗತಿಯೊಂದು ಅದೇ ಅಧ್ಯಯನದಲ್ಲಿದೆ: ಬಿಪಿ ಇದೆಯೆಂದು ಗೊತ್ತಿದ್ದವರ ಪೈಕಿ ಭಕ್ತಿವಂತರೇ ಹೆಚ್ಚಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು.

ಮಾತ್ರೆ ನುಂಗುವುದು ಅವಿಶ್ವಾಸ ಎನ್ನುವವರು ಹಿಜ್ಕೀಯ ಅರಸನ ಕಥೆಯನ್ನು ಪೂರ್ತಿ ಓದಲಿ. ದೇವರು ಅವನ ಮೊರೆ ಕೇಳಿ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸಿದ ಮೇಲೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಲೇಪ ಹಾಕಿಸಿದ. ಜೀವನಪೂರ್ತಿ ಮಾತ್ರೆಯೇ ಎಂದು ಅಳುಕುವವರ ಮಾತು ಬೇರೆ. ತೂಕ, ಉಪ್ಪು ಇಳಿಸಿ ಒತ್ತಡ ಹತೋಟಿಗೆ ಬಂದರೆ ವೈದ್ಯರೇ ಮಾತ್ರೆ ತಗ್ಗಿಸುವುದುಂಟು. ಅದಕ್ಕೆ ಬೇಕಾದ ಸಂಯಮ ಚರ್ಚಿಗೆ ಹೊಸದಲ್ಲ, ಆದರೆ ಅದು ಪಟ್ಟು ಹಿಡಿದಿರುವುದು ಬೇರೆ ತಟ್ಟೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮ್ ಉಪ್ಪು ದಾಟಬೇಡಿ ಎನ್ನುತ್ತದೆ. ಈಸ್ಟರಿಗೆ ಮುಂಚಿನ ನಲವತ್ತು ದಿನ ಮಾಂಸ ಬಿಡುವವರು ಹಪ್ಪಳ, ಉಪ್ಪಿನಕಾಯಿ, ನಾಗಪುರದ ತರ್ರಿ ಪೋಹಾ ಬಿಡುವುದಿಲ್ಲ. ಬಿಡಿ ಎಂದು ಪಾದ್ರಿಗಳೂ ಹೇಳುವುದಿಲ್ಲ.