ರಂಗಕಲೆಯ ಪಠ್ಯಕ್ರಮ ಮತ್ತು ಶಿಕ್ಷಕರ ಸಾಕ್ಷ್ಯ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನೆಲೆಯಿಂದ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಆಡಳಿತದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಮೂಡಲಪಾಯ ಯಕ್ಷಗಾನ, ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಊರೂರಿನ ಪೌರಾಣಿಕ ನಾಟಕ ಇವು ಈ ಭಾಗದ ಪ್ರದರ್ಶನ ಪರಂಪರೆಯ ಮುಖ್ಯ ಧಾರೆಗಳು. ಪ್ರೌಢಶಾಲೆಯ ರಂಗಕಲೆಯ ಪಠ್ಯಕ್ರಮವನ್ನು ಶಿಕ್ಷಕರ ಅಭಿಪ್ರಾಯದ ಆಧಾರದಿಂದ ಪರಿಷ್ಕರಿಸಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆ ಅಭಿಪ್ರಾಯದ ಸ್ವರೂಪವೇನು, ಅದನ್ನು ಪಡೆಯುವ ಬಗೆ ಯಾವುದು ಎಂಬುದನ್ನು ಈ ಪ್ರದೇಶದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆ ಮತ್ತು ರಂಗಭೂಮಿಗಳನ್ನು ಹತ್ತನೆಯ ತರಗತಿಯವರೆಗಿನ ಕಲಿಕೆಯ ಅವಿಭಾಜ್ಯ ಅಂಗವಾಗಿ ಕಂಡಿತು. 2023ರ ಶಾಲಾ ಶಿಕ್ಷಣದ ಚೌಕಟ್ಟು ಇದೇ ನಿಲುವನ್ನು ಮುಂದುವರಿಸಿ ಸ್ಥಳೀಯ ಕಲೆಗಳಿಗೆ ಒತ್ತು ನೀಡಿತು. ಆದರೆ ನಾಟಕ ಶಿಕ್ಷಕರ ಹುದ್ದೆಯಿರುವ ಸರ್ಕಾರಿ ಪ್ರೌಢಶಾಲೆಗಳು ವಿರಳ. ಉಳಿದೆಡೆ ಭಾಷಾ ಶಿಕ್ಷಕರೋ ದೈಹಿಕ ಶಿಕ್ಷಣ ಶಿಕ್ಷಕರೋ ಈ ಹೊಣೆಯನ್ನು ಹೊರುತ್ತಾರೆ. ಅಂಥವರಿಗೆ ಪ್ರಶ್ನಾವಳಿ ಕಳುಹಿಸಿ ಅವಧಿಗಳು ಸಾಕೇ, ಅಂಕಗಳ ಹಂಚಿಕೆ ಸರಿಯೇ, ಪಾಠ ಕಠಿಣವೇ ಎಂದಷ್ಟೇ ಕೇಳಿದರೆ ದೊರೆಯುವುದು ಕೊರತೆಗಳ ಪಟ್ಟಿ. ಅದರಿಂದ ಪಠ್ಯಕ್ರಮದ ಗಾತ್ರ ಹಿಗ್ಗಬಹುದು, ಕುಗ್ಗಬಹುದು, ತಿರುಳು ಬದಲಾಗುವುದಿಲ್ಲ. ಶಾಲೆಯ ಸುತ್ತ ಯಾವ ಆಟ ನಡೆಯುತ್ತದೆ, ಅದನ್ನು ಆಡುವವರು ಯಾರು, ಮಕ್ಕಳು ಅದನ್ನು ಎಷ್ಟರಮಟ್ಟಿಗೆ ಬಲ್ಲರು ಎಂಬ ಪ್ರಶ್ನೆಗಳೇ ಅಲ್ಲಿ ಇರುವುದಿಲ್ಲ. ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃವಿಗೆ ಸಲ್ಲುವ ಸ್ಥಾನ ಇಲ್ಲಿ ಶಿಕ್ಷಕರಿಗೆ ಸಲ್ಲಬೇಕು. ಅವರ ಮಾತು ದೂರಾಗಿ ದಾಖಲಾಗದೆ ಸಾಕ್ಷ್ಯವಾಗಿ ದಾಖಲಾಗಬೇಕು.

ಮೂಡಲಪಾಯವನ್ನೇ ನೋಡಬಹುದು. ಇಡೀ ರಾತ್ರಿಯ ಆಟವನ್ನು ನಲವತ್ತು ನಿಮಿಷದ ತರಗತಿಗೆ ತರುವುದು ಅಸಾಧ್ಯವೆಂಬ ಆಕ್ಷೇಪ ಸಹಜವಾದುದು. ಆದರೆ ಇಬ್ಬರು ಹಿಡಿದ ತೆರೆಯ ಹಿಂದೆ ವೇಷ ಬಂದು ನಿಲ್ಲುವುದು, ಸಾರಥಿಯು ಪ್ರಶ್ನಿಸುವುದು, ಪಾತ್ರವು ತನ್ನ ಪರಿಚಯ ಹೇಳಿಕೊಳ್ಳುವುದು ಈ ಪ್ರವೇಶಕ್ರಮವೊಂದೇ ಒಂದು ಪೂರ್ಣ ಪಾಠವಾಗಬಲ್ಲದು. ಅದಕ್ಕೆ ಬೇಕಾದುದು ಒಂದು ಪಂಚೆ ಮತ್ತು ತಾಳ ಮಾತ್ರ. ಇಂಥ ಪರಿಹಾರ ಹೊಳೆಯುವುದು ಆಟವನ್ನೂ ತರಗತಿಯನ್ನೂ ಬಲ್ಲ ಶಿಕ್ಷಕರಿಗೆ. ರಾಜಧಾನಿಯಲ್ಲಿ ಕುಳಿತ ಸಮಿತಿಗಲ್ಲ.

ಇನ್ನೊಂದು ಲೋಪಕ್ಕೆ ಜಾನಪದ ವಿದ್ವಾಂಸರೂ ಹೊಣೆಗಾರರು. ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಕೊಟ್ಟು, ಬಾಡಿಗೆಯ ಸೀನರಿ ಕಟ್ಟಿಸಿ ಆಡಿಸುವ ‘ಕುರುಕ್ಷೇತ್ರ’ದಂಥ ನಾಟಕಗಳು ಶುದ್ಧ ಜಾನಪದವಲ್ಲವೆಂದು ಸಂಶೋಧಕರು ಕೈಬಿಟ್ಟರು, ಆಧುನಿಕವಲ್ಲವೆಂದು ರಂಗಶಿಕ್ಷಣ ತಜ್ಞರೂ ಕೈಬಿಟ್ಟರು. ಇದೇ ಕಂದಾಯ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ಬಾಲನಟರಾಗಿದ್ದ ಬಿ.ವಿ. ಕಾರಂತರು 1977ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಕಂಪನಿ ನಾಟಕವೂ ಒಂದು ಶಾಲೆಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ತಂದೆಯು ಊರ ನಾಟಕದಲ್ಲಿ ದುರ್ಯೋಧನನ ಪಾತ್ರ ವಹಿಸುವುದನ್ನು ನೋಡಿ ಬೆಳೆದ ವಿದ್ಯಾರ್ಥಿಗೆ ರಂಗಕಲೆಯೆಂದರೆ ಬೇರೇನೋ ಎಂದು ಕಲಿಸುವ ಪಠ್ಯಕ್ರಮ, ಅವನ ಅರಿವನ್ನು ಅಜ್ಞಾನವೆಂದು ಎಣಿಸಿದಂತಾಗುತ್ತದೆ.

ಹಾಗೆಂದು ಸ್ಥಳೀಯವಾದುದೆಲ್ಲವೂ ತರಗತಿಗೆ ಬರಬೇಕೆಂದು ವಾದಿಸುವುದು ಅವಿವೇಕ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯು ಕಾಡುಗೊಲ್ಲರ ಪವಿತ್ರ ಕ್ಷೇತ್ರ. ಗಣೆಯ ನಾದಕ್ಕೆ ಹೊಂದಿಕೊಂಡ ಜುಂಜಪ್ಪನ ಕಥನವು ಆ ಸಮುದಾಯಕ್ಕೆ ಆರಾಧನೆಯ ಭಾಗ. ಶಾಲಾ ಸ್ಪರ್ಧೆಯ ಕೆಲವೇ ನಿಮಿಷಗಳಿಗೆ ಅದನ್ನು ಕತ್ತರಿಸಿ ವೇದಿಕೆಗೆ ತಂದರೆ ಕಲೆಯೂ ಉಳಿಯದು, ಶ್ರದ್ಧೆಗೂ ನೋವಾದೀತು. ಯಾವುದನ್ನು ಅಭಿನಯಿಸಬಹುದು, ಯಾವುದನ್ನು ಕೇಳಿ ತಿಳಿಯುವುದಷ್ಟೇ ಉಚಿತ ಎಂಬ ವಿವೇಚನೆ ಹಟ್ಟಿಯ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಿಂದ, ಅವರ ಮೂಲಕ ಹಿರಿಯರಿಂದ ಬರಬೇಕು. ಪುರುಷರೇ ಆಡುತ್ತ ಬಂದ ಮೂಡಲಪಾಯದಲ್ಲಿ ಹುಡುಗಿಯರ ಸ್ಥಾನವೇನೆಂಬುದನ್ನೂ ಈ ಸಮಾಲೋಚನೆಯೇ ಎತ್ತಿಕೊಳ್ಳಬೇಕು. ಪರಂಪರೆಯ ಹೆಸರಿನಲ್ಲಿ ಅವರನ್ನು ಪ್ರೇಕ್ಷಕರ ಸಾಲಿಗೆ ಸರಿಸುವ ಹಕ್ಕು ಶಾಲೆಗಿಲ್ಲ.

ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ತೆಲುಗು ಅನೇಕ ಮಕ್ಕಳ ಮನೆಮಾತು. ಅಲ್ಲಿ ಸಂಭಾಷಣೆಯ ಉಚ್ಚಾರಣೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಅಭಿನಯದಲ್ಲಿ ಮುಂದಿರುವ ವಿದ್ಯಾರ್ಥಿಯೂ ಹಿಂದುಳಿಯುತ್ತಾನೆ. ಕೊರಟಗೆರೆಗೆ ಒಪ್ಪುವ ಮೌಲ್ಯಮಾಪನ ಪಾವಗಡಕ್ಕೆ ಅನ್ಯಾಯವಾಗುವ ಸಾಧ್ಯತೆಯನ್ನು ರಾಜ್ಯಮಟ್ಟದ ಸರಾಸರಿ ತೋರಿಸಲಾರದು.

ಆದುದರಿಂದ ಶಿಕ್ಷಕರ ಹಿಮ್ಮಾಹಿತಿಯನ್ನು ತಾಲ್ಲೂಕುವಾರು ದಾಖಲಿಸಿ, ಯಾವ ಸಲಹೆಯನ್ನು ಸ್ವೀಕರಿಸಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಅವರಿಗೇ ಲಿಖಿತವಾಗಿ ತಿಳಿಸುವುದು ಪರಿಷ್ಕರಣೆಯ ಅಂಗವಾಗಬೇಕು. ಉತ್ತರ ದೊರೆಯದ ಶಿಕ್ಷಕರು ಮುಂದಿನ ಸಲ ಪ್ರಶ್ನಾವಳಿಯನ್ನು ಕಾಟಾಚಾರಕ್ಕೆ ತುಂಬುತ್ತಾರೆ. ರಂಗಕಲೆಯ ಪಠ್ಯಕ್ರಮವು ಪುಸ್ತಕದ ಪುಟಗಳಿಂದ ಊರಿನ ಅಟ್ಟದವರೆಗೆ ಚಾಚಿಕೊಳ್ಳಬೇಕಾದರೆ ಆ ದಾರಿಯನ್ನು ಬಲ್ಲವರು ಅವರೇ.