ಲಾಸ್ ವೇಗಸ್ಸಿನ ಉತ್ಸವಮೂರ್ತಿ

2010ರ ಡಿಸೆಂಬರಿನಲ್ಲಿ ಅಮೆರಿಕದ ಅಂಚೆ ಇಲಾಖೆ ಸ್ವಾತಂತ್ರ್ಯದೇವಿಯ ಮುಖವಿರುವ ಒಂದು ಅಂಚೆಚೀಟಿ ಹೊರತಂದಿತು. ಕೆಲವು ತಿಂಗಳ ಮೇಲೆ ಸಂಗ್ರಾಹಕರೊಬ್ಬರ ಕಣ್ಣಿಗೆ ಏನೋ ವ್ಯತ್ಯಾಸ ಕಂಡಿತು. ಕೂದಲು, ಕಣ್ಣಿನ ಅಂಚು, ಕಿರೀಟದ ಮೇಲಿನ ಒಂದು ಚೌಕದ ತುಂಡು, ಯಾವುದೂ ನ್ಯೂಯಾರ್ಕ್ ಬಂದರಿನ ದೇವಿಯದಲ್ಲ. ಅದು ಲಾಸ್ ವೇಗಸ್ಸಿನ ಒಂದು ಜೂಜಿನ ಹೋಟೆಲಿನ ಮುಂದೆ ನಿಂತಿರುವ ಪ್ರತಿಕೃತಿಯ ಮುಖ. ಇಲಾಖೆ ಚಿತ್ರಗಳನ್ನು ಮಾರುವ ಕಂಪನಿಯಿಂದ ಪಡೆದ ಫೋಟೋದಲ್ಲಿ ಇದ್ದವಳೇ ಬೇರೆ. ವಿಷಯ ಬಯಲಾದ ಮೇಲೂ ಚೀಟಿಯನ್ನು ಹಿಂದಕ್ಕೆ ಪಡೆಯಲಿಲ್ಲ. ಒಟ್ಟು ಸುಮಾರು 490 ಕೋಟಿ ಚೀಟಿಗಳು ಮಾರಾಟವಾದವು.

ಆ ಪ್ರತಿಕೃತಿಯನ್ನು ಮಾಡಿದ ಶಿಲ್ಪಿ ರಾಬರ್ಟ್ ಡೇವಿಡ್‌ಸನ್ ನ್ಯಾಯಾಲಯಕ್ಕೆ ಹೋದರು. ನಕಲಿಗೂ ಹಕ್ಕುಸ್ವಾಮ್ಯ ಉಂಟೇ? ತಾನು ಮೂಲದ ಬಿಗಿ ಮುಖವನ್ನು ಮೃದುಗೊಳಿಸಿ ಇಂದಿನ ಹೆಣ್ಣಿನ ಮುಖ ಕೊಟ್ಟಿದ್ದೇನೆ, ಅದಕ್ಕೆ ಅತ್ತೆಯ ಫೋಟೋ ಎದುರಿಗಿತ್ತು ಎಂಬುದು ಅವರ ವಾದ. 2018ರಲ್ಲಿ ನ್ಯಾಯಾಲಯ ಒಪ್ಪಿತು. ಸುಮಾರು 35 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮೂಲ ಪ್ರತಿಮೆಗೆ ಶಿಲ್ಪಿ ಬಾರ್ತೋಲ್ದಿ ತನ್ನ ತಾಯಿಯ ಮುಖ ಕೊಟ್ಟ ಎಂಬ ಮಾತು ಹಿಂದಿನಿಂದಲೂ ಇದೆ. ಅಲ್ಲಿ ಅಮ್ಮ, ಇಲ್ಲಿ ಅತ್ತೆ!

ಹೋಟೆಲಿನ ಹೆಸರು ನ್ಯೂಯಾರ್ಕ್-ನ್ಯೂಯಾರ್ಕ್. ಸುಮಾರು 46 ಕೋಟಿ ಡಾಲರ್ ವೆಚ್ಚದಲ್ಲಿ ಕಟ್ಟಿ 1997ರ ಜನವರಿ 3ರಂದು ಬಾಗಿಲು ತೆರೆದದ್ದು. ಮ್ಯಾನ್‌ಹಟನ್ನಿನ ಗೋಪುರಗಳನ್ನು ಮೂರನೇ ಒಂದರಷ್ಟು ಅಳತೆಗೆ ಇಳಿಸಿ ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ್ದಾರೆ. ಎಲ್ಲಕ್ಕಿಂತ ಎತ್ತರದ ಎಂಪೈರ್ ಸ್ಟೇಟ್‌ಗೆ 47 ಮಹಡಿ. ಮುಂದುಗಡೆ 300 ಅಡಿಯ ಬ್ರೂಕ್ಲಿನ್ ಸೇತುವೆ, 150 ಅಡಿಯ ದೇವಿ. ಗೋಪುರಗಳ ನಡುವೆ ಹಳದಿ ಟ್ಯಾಕ್ಸಿಯ ವೇಷದ ರೋಲರ್ ಕೋಸ್ಟರ್ ಕಿರುಚಿಕೊಂಡು ಸುತ್ತುತ್ತದೆ. 144 ಅಡಿ ಧುಮುಕುತ್ತದೆ. ಒಳಗೆ ಗ್ರೀನಿಚ್ ವಿಲೇಜಿನ ಓಣಿ, ಮ್ಯಾನ್‌ಹೋಲ್ ಮುಚ್ಚಳದಿಂದ ಏಳುವ ಹಬೆ ಕೂಡ. ಹೊರಗೆ ಇಷ್ಟೊಂದು ಕಟ್ಟಡ ಕಂಡರೂ ಒಳಗಿರುವುದು ಒಂದೇ ಹೋಟೆಲು, ಸುಮಾರು ಎರಡು ಸಾವಿರ ಕೋಣೆಗಳು.

ಇದನ್ನು ಅಗ್ಗದ ನಕಲು ಎಂದು ತಳ್ಳಿಹಾಕುವುದು ಸುಲಭ. ಆದರೆ ವೆಂಚುರಿ, ಸ್ಕಾಟ್ ಬ್ರೌನ್, ಐಜನೂರ್ ಎಂಬ ಮೂವರು 1972ರಷ್ಟು ಹಿಂದೆಯೇ, ಲಾಸ್ ವೇಗಸ್ಸನ್ನು ಮೂಗು ಮುರಿಯದೆ ನೋಡಿ, ಅದರಿಂದ ಕಲಿಯುವುದಿದೆ ಎಂದು ಪುಸ್ತಕ ಬರೆದರು. ಅವರು ಕಂಡ ಊರಿನಲ್ಲಿ ಕಟ್ಟಡ ಒಂದು ಸಾದಾ ಕೊಟ್ಟಿಗೆ, ಮಾತಾಡುವುದೆಲ್ಲ ರಸ್ತೆಬದಿಯ ನಿಯಾನ್ ಫಲಕ. ಕಾಲು ಶತಮಾನದಲ್ಲಿ ಫಲಕವೇ ಕಟ್ಟಡವಾಗಿ ಎದ್ದು ನಿಂತಿತು. ನನ್ನ ತಕರಾರು ನಕಲಿನ ಬಗ್ಗೆ ಅಲ್ಲ. ಯಾವುದನ್ನು ನಕಲು ಮಾಡಿದರು, ಯಾವುದನ್ನು ಬಿಟ್ಟರು ಎಂಬುದರ ಬಗ್ಗೆ.

ನ್ಯೂಯಾರ್ಕನ್ನು ನ್ಯೂಯಾರ್ಕ್ ಮಾಡಿದ್ದು ಹಡಗಿನಿಂದ ಗಂಟುಮೂಟೆ ಸಮೇತ ಇಳಿದವರು. ಬಂದರಿನ ದೇವಿಗೆ ಅರ್ಥ ಬಂದದ್ದೂ ಅವರಿಂದಲೇ. ಹೋಟೆಲು ದೇವಿಯನ್ನು ಕರೆತಂದಿತು, ಹಡಗನ್ನು ಬಿಟ್ಟುಬಂದಿತು. ತಮಾಷೆಯೆಂದರೆ ಆ ಜನ ಅಲ್ಲಿಯೇ ಇದ್ದಾರೆ, ಆದರೆ ಪ್ರದರ್ಶನದ ಭಾಗವಾಗಿ ಅಲ್ಲ. ಲಾಸ್ ವೇಗಸ್ಸಿನಲ್ಲಿ ಹಾಸಿಗೆ ಸರಿಪಡಿಸುವವರು, ತಟ್ಟೆ ಹೊರುವವರು, ಅಡುಗೆಮನೆಯಲ್ಲಿ ಬೇಯುವವರು ಬಹಳಷ್ಟು ಮಂದಿ ಬೇರೆ ದೇಶಗಳಿಂದ ಬಂದವರು. ಅವರ ಕಲಿನರಿ ಯೂನಿಯನ್, ಅಂದರೆ 226ನೇ ನಂಬರಿನ ಸಂಘ, 2023ರ ನವೆಂಬರಿನಲ್ಲಿ ಮುಷ್ಕರದ ಅಂಚಿಗೆ ಹೋಗಿ ದೊಡ್ಡ ಕಂಪನಿಗಳಿಂದ ಹೊಸ ಒಪ್ಪಂದ ಪಡೆಯಿತು. ಈ ಹೋಟೆಲೂ ಅದರೊಳಗಿತ್ತು. ವಾಸ್ತುಶಿಲ್ಪಿ ಹಬೆ ಬಿಟ್ಟು ಹುಟ್ಟಿಸಲು ಹೊರಟ ನ್ಯೂಯಾರ್ಕ್ ಸಿಬ್ಬಂದಿಯ ಹಿಂಬಾಗಿಲಿನಿಂದ ದಿನಕ್ಕೆ ಮೂರು ಪಾಳಿಯಲ್ಲಿ ಒಳಗೆ ಬರುತ್ತದೆ. ಅತಿಥಿಗಳಿಗೆ ಅದು ಕಾಣದ ಹಾಗೆ ಕಾರಿಡಾರುಗಳನ್ನು ಕಟ್ಟಿರುತ್ತಾರೆ. ಜೂಜಿನ ಹೋಟೆಲಿನ ನಿಜವಾದ ಕುಶಲತೆ ಇರುವುದು ಅಲ್ಲಿ.

ಹೀಗೆಂದು ತೀರ್ಪು ಕೊಟ್ಟು ಮುಗಿಸಬಹುದಿತ್ತು. 2001ರ ಸೆಪ್ಟೆಂಬರ್ ಅಡ್ಡ ಬರುತ್ತದೆ.

ಈ ಹೋಟೆಲಿನ ಗೋಪುರಗಳ ಸಾಲಿನಲ್ಲಿ ಅವಳಿ ಗೋಪುರಗಳು ಮೊದಲಿನಿಂದಲೂ ಇರಲಿಲ್ಲ. ಉದ್ದೇಶಿಸಿದ್ದು 1940ರ ದಶಕದ ನ್ಯೂಯಾರ್ಕನ್ನು. ಆದರೂ ದಾಳಿಯ ನಂತರ ಜನ ಬಂದದ್ದು ಇಲ್ಲಿಗೇ. ಪ್ರತಿಮೆಯ ಸುತ್ತಲಿನ ಬೇಲಿಯ ಬಳಿ ಹೂವು, ಮೇಣದಬತ್ತಿ, ಚೀಟಿಗಳನ್ನು ಇಟ್ಟುಹೋದರು. ಬೇರೆ ಬೇರೆ ಊರುಗಳ ಅಗ್ನಿಶಾಮಕ ದಳದವರು ತಮ್ಮ ಠಾಣೆಯ ಹೆಸರಿರುವ ಟೀಶರ್ಟುಗಳನ್ನು ಕಟ್ಟಿಹೋದರು. ಯಾರೂ ಕರೆ ಕೊಟ್ಟಿರಲಿಲ್ಲ. ಹೋಟೆಲಿನವರು ಅವನ್ನು ಗುಡಿಸಿ ಹಾಕದೆ ಎತ್ತಿಟ್ಟರು; ಲಾಸ್ ವೇಗಸ್ಸಿನ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೂ ಹಲವು ಸೇರಿದವು.

ವಿಮಾನಗಳು ಹಾರಾಟ ನಿಲ್ಲಿಸಿದ್ದ ದಿನಗಳವು. ಮೂಲದ ಬಳಿಗೆ ಹೋಗಲಾಗದವರು ನಕಲಿನ ಮುಂದೆ ಅತ್ತರು. ನಮ್ಮ ಕಡೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಬೇಕಿಲ್ಲ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಬೀದಿಗೆ ಬಂದು ಹಣ್ಣುಕಾಯಿ ಪಡೆಯುವುದು ಉತ್ಸವಮೂರ್ತಿ. ಅದನ್ನು ಯಾರೂ ನಕಲಿ ಎನ್ನುವುದಿಲ್ಲ. ವ್ಯತ್ಯಾಸ ಇಷ್ಟೆ: ಇಲ್ಲಿ ಪ್ರಾಣಪ್ರತಿಷ್ಠೆ ಮಾಡಿದವರು ಪುರೋಹಿತರಲ್ಲ, ಮಾಲೀಕರೂ ಅಲ್ಲ; ಜೂಜಾಡಲು ಬಂದು ಸಿಕ್ಕಿಬಿದ್ದ ಪ್ರವಾಸಿಗಳು ಮತ್ತು ಆ ಊರಿನ ಜನ. ಸ್ವಾಗತಕ್ಕೆಂದು ನಿಲ್ಲಿಸಿದ ಜಾಹೀರಾತಿಗೆ ಅವರು ದುಃಖ ಹೊರುವ ಕೆಲಸ ಕೊಟ್ಟರು. ಬಾಗಿಲು ತೆರೆದು ಇನ್ನೂ ಐದು ವರ್ಷ ತುಂಬಿರಲಿಲ್ಲ.

ಈಚಿನ ವರ್ಷಗಳ ನವೀಕರಣದಲ್ಲಿ ಜೂಜಿನ ಅಂಗಳದಿಂದ ನ್ಯೂಯಾರ್ಕಿನ ಅಲಂಕಾರಗಳು ಬಹಳಷ್ಟು ಕಳಚಿವೆ. ಊರಿನ ವೇಷ ತೊಟ್ಟ ಹೋಟೆಲುಗಳ ಗೀಳು ಮುಗಿದು, ಗಾಜು ಮತ್ತು ಬೂದು ಬಣ್ಣದ ಕಾಲ ಬಂದಿದೆ. ದೇವಿ ಮಾತ್ರ ಅಲ್ಲೇ ಇದ್ದಾಳೆ. 2018ರಲ್ಲಿ, ಪರಿಹಾರದ ತೀರ್ಪು ಬಂದ ವರ್ಷವೇ, ಲಾಸ್ ವೇಗಸ್ಸಿನ ಐಸ್ ಹಾಕಿ ತಂಡ ತನ್ನ ಮೊದಲ ಸೀಸನ್ನಿನಲ್ಲೇ ಫೈನಲ್ ತಲುಪಿತು. ಆಗ ಅವಳಿಗೆ ತೊಡಿಸಿದ್ದು ಆ ತಂಡದ ಜೆರ್ಸಿ, ನ್ಯೂಯಾರ್ಕಿನದಲ್ಲ.